ಸಂಬಳದ ಚೀಟಿಯ ಕೊನೇ ಸಾಲು

…ಅಂಗಂತ ನಾನು ಹೇಳ್ನಿಲ್ಲ ಕಣಮ್ಮಿ, ಊರು ಹೇಳ್ತು. ನಿನ್ನ ಗಂಡ ರಂಗಸ್ವಾಮಿಗೆ ಗುಂಡ್ಲುಪೇಟೆಲಿ ಇನ್ನೊಬ್ಬಳು ಅವಳೆ, ಸಂಬಳ ಅರ್ಧ ಅಲ್ಲಿಗೇ ಓಗ್ತದೆ ಅಂತ. ಊರಿನ ಬಾಯಿಗೆ ಬೀಗ ಹಾಕಕಾಯ್ತದಾ?

ಯಾಕೆ ನಗ್ತೀಯೆ ನೀಲಾವತಿ? ಈ ಸಣ್ಣತಾಯಮ್ಮನ ಬಾಯಿ ಉದ್ದ ಅಂತ ಉಮ್ಮತ್ತೂರಿಗೇ ಗೊತ್ತು, ಇಲ್ಲ ಅನ್ನಲ್ಲ. ಸೋಮಯ್ಯನ ಸೊಸೆ ಮೊಬೈಲ್ ಅಂಗಡಿಯವನ ಬೈಕ್ ಹತ್ತಿದ್ದನ್ನ ಮೊದ್ಲು ಕಂಡೋಳು ನಾನೇ. ಅದನ್ನ ನಾಕು ಜನಕ್ಕೆ ಹೇಳ್ದೆ ಇದ್ದಿದ್ರೆ ಅವತ್ತು ಉಂಡ ಮುದ್ದೆ ಅರಗ್ತಿತ್ತಾ ನಂಗೆ? ಆದ್ರೆ ರಂಗ ಬೇರೆ. ನನ್ ತಂಗಿ ಮಗ. ತಾಯಿ ಸತ್ ಮೇಲೆ ಈ ದೊಡ್ಡವ್ವನ ಸೆರಗು ಹಿಡ್ಕೊಂಡೇ ಬೆಳೆದವನು.

ಆ ಅವರೆಕಾಯಿ ಮೊರ ಇತ್ತ ತಳ್ಳು, ನಾನೂ ಸುಲೀತೀನಿ… ಬ್ಯಾಡ್ವಾ? ಸರಿ ಬುಡು. ಮೂರು ಬಸ್ ಬದಲಾಯ್ಸ್ಕೊಂಡು ಹಂಗಳಕ್ಕೆ ಬಂದೀನಿ. ನಿಮ್ಮಪ್ಪನ ಮನೆ ಮೆಟ್ಲು ಒಂದೇ ಉಸ್ರಿಗೆ ಹತ್ಬುಟ್ಟೆ, ಕಂಡ್ಯಾ? ಎರಡೂ ಹೊಸ ಮಂಡಿ. ಮೈಸೂರಲ್ಲಿ ಆಪರೇಸನ್ ಮಾಡ್ಸಿ ಹಾಕ್ಸಿದ್ದು. ನನ್ ಮಗ ಶಿವಮಲ್ಲು ನಾಕು ಲಕ್ಷ ಸುರ್ದ ಕಣವ್ವ, ಮುಖ ಗಂಟು ಹಾಕ್ನಿಲ್ಲ.

ಅದಿರ್ಲಿ. ನಾಳೆ ಚಾಮರಾಜನಗರದ ಕೋರ್ಟಲ್ಲಿ ನೀವಿಬ್ರೂ ಡೈವೋರ್ಸ್ ಕಾಗದಕ್ಕೆ ರುಜು ಹಾಕ್ಬುಟ್ರೆ ಮುಗೀತು. ಅದಕ್ಕೆ ಮುಂಚೆ ಇದನ್ನ ನೋಡ್ಬುಡು. ಅವನ ಸಂಬಳದ ಚೀಟಿ. ಅವನ ಬೀರುವಿಂದ ಕದ್ದು ತಂದೆ. ಪಕ್ಕದ್ಮನೆ ಅನು ಕಾಲೇಜಿಗೆ ಓಗ್ತಾಳಲ್ಲ, ಅವಳ ಕೈಲಿ ಸಾಲು ಸಾಲಾಗಿ ಓದ್ಸಿದ್ದೀನಿ.

ತಪ್ಪು ಆಗಿದ್ದು ನಿಮ್ಮ ಮದ್ವೆ ಮಾತಿನ ದಿನ. ಬಾಯ್ತುಂಬ ಎಲೆಅಡಿಕೆ ಹಾಕ್ಕೊಂಡು ನಾನೇ ಅಂದೆ, ನಮ್ ಹುಡ್ಗ ಕಾಲೇಜ್ ಮೇಷ್ಟ್ರು, ಲಕ್ಷದ ಮೇಲೆ ಸಂಬಳ ಅಂತ. ಅದು ಚೀಟಿಯ ಮೇಲಿನ ಸಾಲು. ಕೆಳಗೂ ಒಂದು ಸಾಲು ಇರ್ತದೆ ಅಂತ ಹೆಬ್ಬೆಟ್ಟಿನೋಳಿಗೆ ಏನು ಗೊತ್ತು? ಹಸಿ ಅರಿಸಿನ ಮೂಟೆಗಟ್ಲೆ ಬೇಯ್ಸಿ ಒಣಗ್ಸಿದ್ರೆ ಒಂದು ಚೀಲಕ್ಕೆ ಇಳಿಯಲ್ವಾ? ಸಂಬಳನೂ ಅಂಗೇ ಕಣಮ್ಮಿ. ಮೇಲೆ ಒಂದು ಲಕ್ಷದ ಹದಿನೈದು ಸಾವ್ರ. ಕೈಗೆ ಬರೋದು ಎಪ್ಪತ್ತಾರು.

ಮಿಕ್ಕಿದ್ದು ಎಲ್ಲಿ ಅಂತ ನೀನು ಕೇಳ್ದೆ. ತಪ್ಪಲ್ಲ. ಕಟ್ಕೊಂಡೋಳು ಕೇಳ್ದೆ ಯಾರು ಕೇಳ್ಬೇಕು? ಚೀಟಿ ತೋರ್ಸು ಅಂದೆ. ಅವನು ತೋರ್ಸ್ನಿಲ್ಲ. ಅಲ್ಲಿಂದ ತಾನೆ ಮನೆಗೆ ಬೆಂಕಿ ಹೊತ್ಕೊಂಡಿದ್ದು…

ಇಲ್ಲಿ ಕೇಳು. ಆರೂವರೆ ಸಾವ್ರ ಇನ್‌ಕಮ್ ಟ್ಯಾಕ್ಸು. ಅದು ಅವನ ಕೈ ಸೇರೋಕೆ ಮುಂಚೇನೇ ಕಿತ್ಕೋತಾರೆ. ಹನ್ನೊಂದು ಸಾವ್ರ ಪಿಂಚಣಿಗೆ, ಮುದುಕ ಆದ್ ಮೇಲೆ ಬತ್ತದಂತೆ. ನಾಕು ಸಾವ್ರ ವಿಮೆ. ಇನ್ನೂರು ರೂಪಾಯಿ ವೃತ್ತಿ ತೆರಿಗೆ, ಅಂದ್ರೆ ದುಡಿದ ತಪ್ಪಿಗೆ ದಂಡ. ನೋಡ್ದಾ? ಹೆಂಗ್ಸೂ ಇಲ್ಲ, ಗುಂಡ್ಲುಪೇಟೆನೂ ಇಲ್ಲ.

ಯಾಕೆ ಬೆರಳು ಮಡಿಸ್ತಿದ್ದೀಯೆ? …ಇಪ್ಪತ್ತೊಂದೂ ಮುಕ್ಕಾಲೇ ಆಯ್ತಾ? ಎಲ್ಲಾ ಪೈಸಾ ಪೈಸಾ ಕೂಡಕಾಯ್ತದಾ, ಬುಡು. ಕೊಡವ್ವ ಚೀಟಿನ. ಕೊನೇ ಸಾಲು ಅಳ್ಸೋಗ್ಬುಟ್ಟದೆ. ಅನೂಗೂ ಕಾಣ್ನಿಲ್ಲ ಅದು. ನೀಲಾ, ಕೊಡು…

ಓದ್ಬುಟ್ಯಾ.

ಸೊಸೈಟಿ ಸಾಲ ಅಂತ ತಾನೆ ಬರ್ದಿರೋದು? ಹದಿನೇಳು ಸಾವ್ರದ ಮುನ್ನೂರು. ಇರ್ಬೋದು. ಗಂಡಸ್ರು ಏನೇನಕ್ಕೋ ಸಾಲ ಮಾಡ್ತಾರೆ.

ಅವರೆಕಾಯಿ ಯಾಕೆ ಬುಟ್ಟೆ? ಸಾಲ ಎತ್ತಿದ್ದು ಯಾವತ್ತು ಅಂತ ನೋಡ್ತಿದ್ದೀಯಾ, ಅದರಲ್ಲಿ ತಾರೀಕೂ ಅದಾ?

…ನನ್ ಮಂಡಿ ಯಾಕೆ ನೋಡ್ತೀಯೆ?

ನೋಡ್ಬೇಡ ಕಣವ್ವ ಅಂಗೆ. ಬಯ್ಯಿ, ಇಲ್ಲ ಎದ್ದು ಒಂದೇಟು ಹೊಡಿ. ಸುಮ್ನೆ ಮಾತ್ರ ನೋಡ್ಬೇಡ.

ಶಿವಮಲ್ಲು ಕೊಡ್ನಿಲ್ಲ. ಒಂದು ರೂಪಾಯಿ ಕೊಡ್ನಿಲ್ಲ. ಮುದುಕಿಗೆ ಯಾತಕ್ಕೆ ಹೊಸ ಮಂಡಿ ಅಂದ. ರಂಗ ಸಾಲ ಎತ್ತಿ ಆಸ್ಪತ್ರೆಗೆ ಕಟ್ಟಿದ. ಹೆತ್ತ ಮಗ ಕೈ ಬುಟ್ಟ ಅಂತ ಊರು ಆಡ್ಕೊಂಡ್ರೆ ನಾನು ಎಂಗೆ ತಲೆ ಎತ್ಲಿ? ಯಾರ್ಗೂ ಹೇಳ್ಬೇಡ, ಹೆಂಡ್ತಿಗೂ ಹೇಳ್ಬೇಡ ಅಂತ ಅವನ ಕೈ ನನ್ ತಲೆ ಮೇಲೆ ಇಡುಸ್ಕೊಂಡೆ. ಅದಕ್ಕೇ ಅವನು ಚೀಟಿ ತೋರ್ಸ್ನಿಲ್ಲ. ಆಮೇಲೆ ಪುಟ್ಟಸಿದ್ದಮ್ಮ ನಲ್ಲಿ ತಾವ ಕೇಳಿದ್ಲು, ರಂಗನ ದುಡ್ಡೆಲ್ಲ ಎಲ್ಲಿಗೆ ಓಗ್ತದೆ ಅಂತ. ನನ್ ಬಾಯಿಗೆ ಗುಂಡ್ಲುಪೇಟೆ ಬಂತು. ಒಂದು ಮಾತು ಕಣಮ್ಮಿ, ಕೊಡ ತುಂಬೋ ಅಷ್ಟೊತ್ತು. ಅದು ನಿನ್ ಮನೆ ತಂಕ ಓಗ್ತದೆ ಅಂತ…

ಗೊತ್ತಿತ್ತು. ಓಗ್ತದೆ ಅಂತ ಗೊತ್ತಿತ್ತು.

ಆ ಹೆಂಗ್ಸು ಗುಂಡ್ಲುಪೇಟೆಲಿ ಇಲ್ಲ ನೀಲಾ. ನಿನ್ ಮುಂದೆ ಕಾಲು ನೀಡ್ಕೊಂಡು ಕೂತವಳೆ.

…ನಾಳೆ ಕೋರ್ಟಿಗೆ ಓಗ್ತೀಯಾ? ಅದೊಂದು ಹೇಳ್ಬುಡು ಸಾಕು. …ಮತ್ತೆ ಅವರೆಕಾಯಿಗೆ ಕೈ ಹಾಕ್ದಾ.

ಆಗ್ಲಿ. ಬಸ್ಸಿಗೆ ಹೊತ್ತಾಯ್ತು. ಕೈ ಕೊಡ್ಬೇಡ, ನಾನೇ ಎದ್ದೇಳ್ತೀನಿ. ಎದ್ದೇಳ್ಲಿ ಅಂತ ತಾನೆ ಅವನು ಹಾಕ್ಸಿದ್ದು.