ಸೆವಿಲ್‌ನಲ್ಲಿ ಮುಡಿದ ಮಲ್ಲಿಗೆ

ಬಾಚಣಿಗೆ ಮೆಲ್ಲಗೆ ಎಳೆ ಪರ್ಲ್, ಅದು ಕೂದಲು, ತೆಂಗಿನ ನಾರಲ್ಲ... ಕ್ಲಾರಾ ಹೇಳಿದ ಚಾಡಿಯ ಸಿಟ್ಟನ್ನೆಲ್ಲ ಅಮ್ಮನ ತಲೆಯ ಮೇಲೆ ತೀರಿಸಬೇಡ. ನಾನು ದಾರಿ ತಪ್ಪಿದೆನಂತೆ. ಬಿ.ಎ. ಓದಿ, ಇಷ್ಟು ವರ್ಷ ಕುವೈತಿನ ಆಫೀಸಿನಲ್ಲಿ ಫೈಲು ನೋಡಿದವಳು ಸೆವಿಲ್‌ನಲ್ಲಿ ದಾರಿ ತಪ್ಪುತ್ತಾಳಾ? ಪೋರ್ಚುಗಲ್ಲಿನ ಫಾತಿಮಾ ಮಾತೆಯ ಯಾತ್ರೆ ಮುಗಿಸಿ ಸ್ಪೇನಿಗೆ ಬಂದಾಗ ಒಂದು ದಿನ ಬಿಡುವು ಕೊಟ್ಟರು. ಬೆಳಿಗ್ಗೆ, ನನ್ನ ಕೋಣೆಯಲ್ಲೇ ಇದ್ದ ಕ್ಲಾರಾ ನನ್ನ ತುರುಬು ಕಟ್ಟಿ, ಗುಂಪಿನ ಜೊತೆ ಅಂಗಡಿಗೆ ಹೋದಳು. ನಾನು ಊರು ನೋಡಲು ಹೋದೆ. ಗುಂಪಿನ ಫಾದರ್‌ಗೆ ಹೇಳಿಯೇ ಹೋದೆ.

ನಗ್ತೀಯಾ? ನಗು. ಡೈರಿಯಲ್ಲಿ ಎಲ್ಲ ಬರೆದಿಟ್ಟಿದ್ದೇನೆ. ಮೊದಲು ದೊಡ್ಡ ಇಗರ್ಜಿ. ಅದರ ಗಂಟೆಗೋಪುರ ಹತ್ತಲು ಮೆಟ್ಟಿಲಲ್ಲ ಮಾರಾಯ್ತಿ, ಇಳಿಜಾರಿನ ದಾರಿ. ಹಿಂದೆ ಕುದುರೆಯ ಮೇಲೆ ಹೋಗುತ್ತಿದ್ದರಂತೆ. ನನ್ನ ಮಂಡಿ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗಿತು. ಕಿತ್ತಳೆ ಮರದ ಕೆಳಗೆ ಸುಮ್ಮನೆ ಕೂತೆ. ಸೆಕೆಯಾ? ಕುವೈತಿನಲ್ಲಿ ನಮ್ಮ ಫರ್ವಾನಿಯಾದ ಆಗಸ್ಟ್ ಕಂಡವಳಿಗೆ ಅದು ಯಾವ ಸೆಕೆ.

ಯಾರ ಜೊತೆ ಅಂದರೆ? ಒಬ್ಬಳೇ... ಯಾವ ಕ್ಲೇಟನ್? ಕುವೈತಿನ ರಾಯ್ ಏರಿಯಾದಲ್ಲಿ ಗ್ಯಾರೇಜ್ ಇಟ್ಟಿದ್ದಾರಲ್ಲ, ಅವರಾ? ಎಲ್ಲಿ ಹೋಗಿದ್ದರೋ. ಗುಂಪಿನವರ ಲೆಕ್ಕವನ್ನೂ ನಾನೇ ಇಡಬೇಕಾ? ಹೆಂಡತಿ ತೀರಿಹೋದ ಗಂಡಸು ಬೀದಿ ಸುತ್ತಿದರೆ ಯಾರೂ ಕೇಳುವುದಿಲ್ಲ. ವಿಧವೆ ಸುತ್ತಿದರೆ ಫರ್ವಾನಿಯಾದಿಂದ ಸಾಲ್ಮಿಯಾದವರೆಗೆ ಸುದ್ದಿ.

ಸಂಜೆ... ಸಂಜೆ ಒಬ್ಬಳು ಮುದುಕಿ ಮಲ್ಲಿಗೆ ಮಾರುತ್ತಿದ್ದಳು. ಮೊಗ್ಗುಗಳನ್ನು ಒತ್ತಾಗಿ ಸೇರಿಸಿ, ಪಿನ್ನು ಸಿಕ್ಕಿಸಿ. ಥೇಟ್ ನಮ್ಮ ಶಂಕರಪುರ ಮಲ್ಲಿಗೆಯ ಪರಿಮಳ. ನಿನ್ನ ಡ್ಯಾಡಿ ಹೋದಾಗ ನನ್ನ ಬಳೆ ತೆಗೆಸಿದರು, ಕರಿಮಣಿ ತೆಗೆಸಿದರು. ಹೂವು ಮುಡಿಯಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಿನ್ನ ಮದುವೆಯ ಹಿಂದಿನ ದಿನ ರೋಸಿನಲ್ಲಿ, ನಿನಗೆ ತೆಂಗಿನ ಹಾಲು ಹಚ್ಚುವಾಗ, ಹೂವಿನ ತಟ್ಟೆ ನನ್ನನ್ನು ದಾಟಿ ಪಕ್ಕದವಳ ಹತ್ತಿರ ಹೋಯಿತು, ಅಷ್ಟೆ. ಹೆತ್ತ ತಾಯಿಯನ್ನು ದಾಟಿ. ಆ ಮುದುಕಿ ಮಾತ್ರ ಏನೂ ಕೇಳಲಿಲ್ಲ. ಕೊಂಡೆ. ಮುಡಿದೆ. ತುರುಬಿನ ಹಿಂದೆ, ಸರಿ ನಡುವೆ.

ಬಾಚಣಿಗೆ ಯಾಕೆ ನಿಂತಿತು?

ಪರ್ಲ್.

ನನ್ನ ಭುಜ ಯಾಕೆ ನೋಡ್ತೀ, ಕನ್ನಡಿಯಲ್ಲಿ ಕಾಣ್ತದೆ. ಗೊತ್ತು... ಈ ಕೈಗಳು ಕಿವಿಗಿಂತ ಮೇಲೆ ಏರುವುದಿಲ್ಲ. ಅದಕ್ಕೇ ಅಲ್ವಾ ದಿನಾ ನೀನು ಬಾಚುವುದು.

ಮಾರಿದವಳೇ ಮುಡಿಸಿದಳು ಎಂದುಬಿಡಬಹುದು. ಹೇಳುವುದಿಲ್ಲ. ಗ್ಯಾರೇಜಿನ ಕೈ, ಪಿನ್ನು ಹಾಕಲು ಬರಲಿಲ್ಲ, ಚುಚ್ಚಿತು. ನನಗೆ ನಗು ಬಂತು. ಡ್ಯಾಡಿ ಹೋದ ಮೇಲೆ ಹಾಗೆ ನಕ್ಕದ್ದು ಅವತ್ತೇ.

ಶುಕ್ರವಾರ ಇಗರ್ಜಿಯಲ್ಲಿ ಮಿಸಾ ಮುಗಿಸಿ ಕ್ಲೇಟನ್ ಊಟಕ್ಕೆ ಬರುತ್ತಾರೆ. ನಮ್ಮ ಮದುವೆಗೆ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕಂತೆ. ಅವರು ಕೇಳಲಿ. ನಾನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಹೂಂ, ಬಾಚು.

...ಬಾಚ್ತೀ ಅಲ್ವಾ, ಪರ್ಲ್?