ಮೇಲಿನ ಗೂಡಿನ ಹಾಡುಗಾರ

ಸಕಲ ಸಂತರ ಹಬ್ಬದ ಬೆಳಿಗ್ಗೆ ಸೆವಿಲ್ಲೆಯ ಸ್ಮಶಾನಕ್ಕೆ ಹೋಗುವ ಬಸ್ಸಿನಲ್ಲಿ ಎಲ್ಲರ ಮಡಿಲಲ್ಲೂ, ಅಲ್ಲಿನ ಎತ್ತರದ ಗೋಡೆಗಳ ಗೂಡುಗಳಲ್ಲಿ ಸಾಲುಸಾಲಾಗಿ ಮಲಗಿರುವ ತಮ್ಮ ಸತ್ತವರಿಗಾಗಿ ಸೇವಂತಿಗೆ. ನನ್ನ ಮಡಿಲಲ್ಲೂ ಇತ್ತು. ಕಿವಿ ಮಾತ್ರ ಮುಂದಿನ ಸೀಟಿನ ಅತ್ತಿಗೆ ನಾದಿನಿಯರ ಕಡೆಗಿತ್ತು.

"ಎನ್‌ಕಾರ್ನಾ ಅತ್ತಿಗೆ, ಒಂದೇ ಕಟ್ಟು ಹೂವಾ? ನಮ್ಮಣ್ಣನಿಗೆ ಇಷ್ಟೇನಾ?"

"ಇದು ನಿಮ್ಮಣ್ಣನಿಗಲ್ಲ ಕಣೇ ರೆಮೆ, ಆಲ್ಫರೆರೊಗೆ."

"ಆ ಹಾಡುಗಾರನಿಗಾ! ಅವನ ಹೆಸರೆತ್ತಿದ್ರೆ ಅಣ್ಣ ಉರಿದು ಬೀಳ್ತಿದ್ದ. ಅವನಿಗಿಂತ ನಾನೇ ಚೆನ್ನಾಗಿ ಹಾಡ್ತೀನಿ ಅಂತಿದ್ದ."

"ಹಾಡ್ತಿದ್ರು, ಬೆಕ್ಕು ಮನೆ ಬಿಟ್ಟು ಓಡೋ ಹಾಗೆ."

"ಸತ್ತ ಮೇಲೂ ಅದೇ ಗೋಡೆಯಲ್ಲಿ, ಅವನ ಕೆಳಗಿನ ಗೂಡೇ ಅಣ್ಣನಿಗೆ ಸಿಕ್ತಲ್ಲ, ಪಾಪ."

"ಪಾಪ ಯಾಕೆ? ಆಲ್ಫರೆರೊ ಬರಿಗೈಲಿ ಸತ್ತ, ಅಗ್ಗ ಅಂತ ತುತ್ತತುದಿಯ ಸಾಲಲ್ಲಿ ಇಟ್ರು. ಹಬ್ಬದ ದಿನ ಏಣಿ ಎಲ್ಲಿ ಸಿಗುತ್ತೆ? ಅಭಿಮಾನಿಗಳು ಮೇಲೆ ನೋಡಿ ಅಳ್ತಾರೆ, ಹೂವನ್ನೆಲ್ಲ ಕೈಗೆಟುಕೋ ನಿಮ್ಮಣ್ಣನ ಗೂಡಿಗೆ ಇಟ್ಟು ಹೋಗ್ತಾರೆ. ಹೋದ ವರ್ಷ ಒಬ್ಬ ಅಲ್ಲೇ ನಿಂತು ಗಿಟಾರ್ ಬೇರೆ ನುಡಿಸಿದ."

ರೆಮೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಣ್ಣ ಒಳಗೆ ಮೀಸೆ ತಿರುವ್ತಿರ್ತಾನೆ ಬಿಡಿ!"

"ತಿರುವಲಿ. ಮೇಲಿರೋನಿಗೆ ಒಂದು ಹೂವೂ ಇಲ್ಲ ಕಣೇ. ಅದಕ್ಕೇ ಇದು."

"ಏಣಿ?"

"ಕಾವಲುಗಾರನಿಗೆ ನಿನ್ನೆಯೇ ಹೇಳಿಟ್ಟಿದ್ದೀನಿ."

"ಹತ್ತೋರು ಯಾರು?"

"ನಾನೇ."

"ಎಪ್ಪತ್ತು ದಾಟಿದೆ ನಿಮಗೆ!"

"ಅದಕ್ಕೇ ನೀನು ಏಣಿ ಹಿಡ್ಕೋ."

ಬಸ್ಸು ನಿಂತಿತು. ಎನ್‌ಕಾರ್ನಾ ಹೂವನ್ನು ಎದೆಗವಚಿಕೊಂಡು ಎದ್ದಳು. ಮೆಟ್ಟಿಲಿಳಿಯುವಾಗ ಅವಳ ಕೊನೆಯ ಮಾತು ಕೇಳಿಸಿತು.

"ನಾನು ಮೇಲೆ ಹೋಗಿ ಬರೋವರೆಗೂ ನಿಮ್ಮಣ್ಣನ ಹತ್ರ ಏನಾದ್ರೂ ಮಾತಾಡ್ತಾ ಇರು. ಹೂವು ಯಾರಿಗೆ ಅಂತ ಗೊತ್ತಾದ್ರೆ ಹಾಡೋಕೆ ಶುರು ಮಾಡಿಬಿಡ್ತಾರೆ!"