ಎರಡು ಬಾಟಲಿ ನೀರು

...ನಗಬೇಡ ಕಣೇ, ನಾನಿನ್ನೂ ಮುಗಿಸಿಲ್ಲ. ನಮ್ಮ ಡ್ರೈಕ್ಲೀನಿಂಗ್ ಯಂತ್ರದಿಂದ ಬಟ್ಟೆ ತೊಳೆಯೋ ಆ ದ್ರವ ಒಂದು ಹನಿ ಸೋರಲಿ, ಮೊದಲು ಗೊತ್ತಾಗೋದು ಈ ನಿಮ್ಮಮ್ಮನ ಮೂಗಿಗೆ. ನಿನ್ನ ಲ್ಯಾಬು ಆಮೇಲೆ. ನಾನೂ ಕೆಮಿಸ್ಟ್ರಿ ಓದಿದವಳೇ. ಓದಿ ಏನು ಕಡಿದು ಕಟ್ಟೆ ಹಾಕಿದೆ? ಕಂಡೋರ ಪ್ಯಾಂಟಿನ ಎಣ್ಣೆ ಕಲೆ ತೆಗೆದೆ. ಡಿಗ್ರಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೀನಿ, ಗಿರಾಕಿಗಳು ರೇಟಿನ ಪಟ್ಟಿ ಅಂತ ಬಗ್ಗಿ ಬಗ್ಗಿ ನೋಡ್ತಾರೆ.

ಸರಿ, ನಿನ್ನ ಪ್ರಯೋಗ. ಕಬ್ಬಿಣದ ಪುಡಿ, ಅದರ ಮೈಗೆ ಚೂರೇ ಚೂರು ಪಲ್ಲಾಡಿಯಂ ಲೋಹ. ಅದು ಈ ದ್ರವದಿಂದ ಕ್ಲೋರಿನ್ನನ್ನ ಒಂದೊಂದಾಗಿ ಕಿತ್ತು ಉಪ್ಪಿನ ಥರ ನೀರಿಗೆ ಬಿಡುತ್ತೆ. ಸರಿ ತಾನೆ? ನೀನು ಫೋನಲ್ಲಿ ಹೇಳಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಟ್ಟಿದ್ದೀನಿ. ಸೋರಿದ ದ್ರವ ಎಷ್ಟು ವರ್ಷವಾದರೂ ಮಣ್ಣು ಬಿಟ್ಟು ಏಳಲ್ಲ ಅಂದೆಯಲ್ಲ, ಅಲ್ಲಿ ಮಾತ್ರ ನಿಮ್ಮಪ್ಪನ ಕಡೆಯವರ ಥರ ಅಂತ ಪಕ್ಕದಲ್ಲಿ ಬರ್ಕೊಂಡೆ.

ಏನು? ಹಿಂದೆ ಓಡ್ತಿರೋ ಆ ಯಂತ್ರ ನಿಲ್ಲಿಸು ಅಂತ ಮತ್ತೆ ಶುರು ಮಾಡಬೇಡ. ಹಳೇದು, ಒಪ್ಪಿದೆ. ಸೋರಿದ ದಿನ ನಾನೇ ಅಂಗಡಿಗೆ ಬೀಗ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೀನಲ್ಲ. ಈ ಮೂಗು ಕಾವಲಿರೋವಾಗ ನಿನಗ್ಯಾಕೆ ಚಿಂತೆ?

ಕೊಡು ಇಲ್ಲಿ. ಎರಡೂ ನಮ್ಮ ಹಿತ್ತಲ ಬಾವಿ ನೀರು, ಎರಡಕ್ಕೂ ಆ ದ್ರವ ಬೆರೆಸಿದವಳು ನೀನೇ. ಒಂದಕ್ಕೆ ಪುಡಿ ಹಾಕಿ ಸೋಸಿದ್ದೀಯ, ಇನ್ನೊಂದು ಇದ್ದ ಹಾಗೇ ಇದೆ. ಯಾವುದು ಯಾವುದು ಅಂತ ಹೇಳಬೇಡ.

ಹ್ಞೂಂ... ಇದು ಶುದ್ಧ. ವಾಸನೆಯೇ ಇಲ್ಲ. ಭೇಷ್, ನಿನ್ನ ಪುಡಿ ಗೆದ್ದಿದೆ. ನೋಡು, ಇನ್ನೂ ಹತ್ತಿರ ಹಿಡಿದರೂ...

ಯಾಕೆ ಹಿಂದೆ ಸರಿದೆ? ಅದ್ಯಾಕೆ ಕರ್ಚೀಫು?

ನೆಗಡಿ ಕಣೇ ನನಗೆ. ಬೆಳಗ್ಗೆಯಿಂದ... ಹಾಗೆ ನೋಡಬೇಡ. ಸರಿ, ನೆಗಡಿ ಅಲ್ಲ. ಸ್ವಲ್ಪ ದಿನದಿಂದ ಹಾಲು ಹೊತ್ತಿದ ವಾಸನೆಯೂ ತಿಳಿಯಲ್ಲ, ಸಾಕಾ? ಬೈಯೋದಿದ್ದರೆ ಬೈದುಬಿಡು.

ತಗೋ, ಮುಚ್ಚಳ ಹಾಕಿದೆ. ಬಿಗಿಯಾಗೇ ಹಾಕಿದ್ದೀನಿ. ಬೇಕಾದರೆ ಎರಡನ್ನೂ ಆಚೆ ಇಟ್ಟು ಬರ್ತೀನಿ...

ಇಟ್ಟು ಬಂದೆನಲ್ಲ, ಇನ್ನೂ ಯಾಕೆ ಮೂಗು ಮುಚ್ಕೊಂಡಿದ್ದೀಯ?

ಮಗಳೇ... ಯಂತ್ರ ಸೋರ್ತಾ ಇದೆಯಾ?